ಗಿನಿ ಪಿಗ್ಗಿನ ಪಾದವೂ ನನ್ನ ಹಿಮ್ಮಡಿಯೂ

ಶನಿ ಕೆಲವರ ಹೆಗಲೇರುತ್ತಾನಂತೆ. ನನಗೆ ಮಾತ್ರ ಕಾಲಿಗೇ ಗಂಟುಬಿದ್ದಿದ್ದಾನೆ. ಆಗುವ ಎಡವಟ್ಟೆಲ್ಲ ಪಾದದ್ದೇ. ಇಪ್ಪತ್ತು ವರ್ಷದಿಂದ ಅಬುಧಾಬಿಯ ಖಾಲಿದಿಯಾದಲ್ಲಿ ಚಪ್ಪಲಿ ಅಂಗಡಿಯ ಸೇಲ್ಸ್‌ಮನ್ ನಾನು. ಕೊಚ್ಚಿಕೊಳ್ಳುತ್ತಿಲ್ಲ ಮಾರಾಯ್ರೆ, ಹೆಜ್ಜೆ ಸದ್ದು ಕೇಳಿಯೇ ಗಿರಾಕಿಯ ಸೈಜು ಹೇಳಬಲ್ಲೆ. ಮದುವೆಯಾಗಿದೆಯೋ ಇಲ್ಲವೋ ಎಂದೂ ಹೇಳಬಲ್ಲೆ.

ಅಂಗಡಿಗೆ ಬಂದವರನ್ನೆಲ್ಲ ಕೂರಿಸುವವನು ನಾನು. ನಾನು ಮಾತ್ರ ಕೂರುವ ಹಾಗಿಲ್ಲ. ಸೇಲ್ಸ್‌ಮನ್ ಕೂತರೆ ವ್ಯಾಪಾರವೂ ಕೂರುತ್ತದೆ ಎಂಬುದು ಮ್ಯಾನೇಜರ್ ಸಿದ್ಧಾಂತ. "ಒಂದು ಸ್ಟೂಲು ಕೊಡಿ ಸಾರ್" ಎಂದು ಪ್ರತಿ ವರ್ಷ ಊದಿದ ಹಿಮ್ಮಡಿ ತೋರಿಸುತ್ತೇನೆ. "ಸಾಕ್ಸ್ ಹಾಕ್ಕೊಳ್ಳಿ, ಗಿರಾಕಿ ನೋಡ್ತಾರೆ" ಎನ್ನುತ್ತಾರೆ.

ಆರು ಬೆರಳು ನಾಪತ್ತೆ

ಬೇಸಿಗೆ ರಜೆಗೆ ಎದುರು ಫ್ಲಾಟಿನ ಮೈಸೂರಿನವರು ಊರಿಗೆ ಹೊರಟರು. ಅವರ ಹತ್ತು ವರ್ಷದ ಮಗಳು ತನ್ನ ಗಿನಿ ಪಿಗ್ಗನ್ನು ನನ್ನ ಕೈಗಿಟ್ಟಳು. ಹೆಸರಲ್ಲಿ ಹಂದಿ, ಮುಖ ಮೊಲದ್ದು, ಗಾತ್ರ ಸುಲಿದ ತೆಂಗಿನಕಾಯಿಯದ್ದು.

"ಅಂಕಲ್, ಪ್ಲೀಸ್ ಚೆಕ್ ಹರ್ ಫೀಟ್ ಎವ್ರಿ ಡೇ."

"ಪಾದದ ವಿಷಯ ನನಗೇ ಹೇಳಿಕೊಡ್ತೀಯಾ ಪುಟ್ಟಿ?"

ಮರುದಿನ ಬೆಳಿಗ್ಗೆ ಎಣಿಸಿದೆ. ಮುಂಗಾಲುಗಳಲ್ಲಿ ನಾಲ್ಕು ನಾಲ್ಕು, ಹಿಂಗಾಲುಗಳಲ್ಲಿ ಮೂರು ಮೂರು. ಕಾಲಿಗೆ ಐದರಂತೆ ಇಪ್ಪತ್ತಿರಬೇಕಾದಲ್ಲಿ ಒಟ್ಟು ಹದಿನಾಲ್ಕು! ಒಂದೇ ದಿನದಲ್ಲಿ ಆರು ಬೆರಳು ಕಳೆದುಹಾಕಿದ್ದೆ. ಮಂಚದಡಿ ಟಾರ್ಚ್ ಬಿಟ್ಟು ಹುಡುಕಿದೆ, ಗುಡಿಸಿದ ಕಸ ಜರಡಿ ಹಿಡಿದೆ. ಕೊನೆಗೆ ಮೈಸೂರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

"ಅಂಕಲ್, ಅವಳಿಗೆ ಇರೋದೇ ಫೋರ್ಟೀನ್. ನಿಮ್ಮದು ಸರಿ ಇದೆಯಾ ನೋಡ್ಕೊಳ್ಳಿ."

ನೋಡಿಕೊಂಡೆ. ಹತ್ತೂ ಇದ್ದವು. ಆದರೆ ಊತದಲ್ಲಿ ಒಂದಕ್ಕೊಂದು ಒತ್ತಿಕೊಂಡು, ಕಾಲಿಗೊಂದರಂತೆ ಎರಡೇ ಕಾಣುತ್ತಿದ್ದವು.

ಉಗುರು ತೆಗೆದ ಶುಕ್ರವಾರ

ಗಿನಿ ಪಿಗ್ಗಿನ ಉಗುರು ಕೊಕ್ಕೆಯಂತೆ ಬೆಳೆದಿತ್ತು. ನನ್ನ ರೂಮ್‌ಮೇಟ್ ಭಟ್ಕಳದ ಸಾಹೇಬರು. ಜವಳಿ ಅಂಗಡಿಯವರು, ಕತ್ತರಿ ಬಲ್ಲವರು. ಅವರು ಟವೆಲ್ಲಿನಲ್ಲಿ ಸುತ್ತಿ ಹಿಡಿದರು, ನಾನು ಕಟರ್ ಹಿಡಿದೆ. ಕಪ್ಪು ಉಗುರಿನೊಳಗೆ ರಕ್ತನಾಳ ಎಲ್ಲಿದೆಯೋ ಕಾಣುವುದಿಲ್ಲ. ಪ್ರಾಣಿ ಕುಕ್ಕರಿನಂತೆ ಸೀಟಿ ಹೊಡೆಯಿತು.

"ಶೆಟ್ರೇ, ಹೆದರಬೇಡಿ! ಯಲ್ಲಾ, ಬೇಗ ಖಲಾಸ್ ಮಾಡಿ!"

ಕಣ್ಣು ಮುಚ್ಚಿ ಖಲಾಸ್ ಮಾಡಿದೆ. ಅವತ್ತು ಕತ್ತರಿಸಿದ್ದು ಒಂದೇ ಉಗುರು. ಅದೂ ಸಾಹೇಬರ ಹೆಬ್ಬೆರಳಿನದು.

ನಾಲ್ಕು ಕಾಲಿನ ಡಾಕ್ಟರ್

ಅಂಗಡಿಯವರು ಎಸೆದ ತಂತಿಯ ಚಪ್ಪಲಿ ಸ್ಟ್ಯಾಂಡಿನಿಂದ ಗಿನಿ ಪಿಗ್ಗಿಗೊಂದು ಮಹಡಿ ಕಟ್ಟಿದ್ದೆ. ಕೆಳಗಿಂದ ಗಾಳಿ, ಮೇಲಿಂದ ಎಸಿ. ಇಂಥ ಫ್ಲಾಟ್ ಅರಬ್ ಶೇಖ್‌ಗಳಿಗೂ ಸಿಗುವುದಿಲ್ಲ ಎಂದು ಬೀಗುತ್ತಿದ್ದೆ. ವಾರದಲ್ಲಿ ಹಿಂಗಾಲಿನ ಅಡಿ ಕೆಂಪಗೆ ಊದಿತು. ಹುಡುಗಿ ಬರಲು ಮೂರೇ ವಾರ ಉಳಿದಿತ್ತು. ಟೂರಿಸ್ಟ್ ಕ್ಲಬ್ ಏರಿಯಾದ ಪ್ರಾಣಿ ಡಾಕ್ಟರಲ್ಲಿಗೆ ಓಡಿದೆ.

"ಗಟ್ಟಿ ನೆಲದ ಮೇಲೇ ಇರೋದಾ?"

"ಹೌದು ಡಾಕ್ಟ್ರೇ, ದಿನಕ್ಕೆ ಹತ್ತು ಗಂಟೆ."

"ತೂಕ ಜಾಸ್ತಿಯಾ? ಹಸಿ ತರಕಾರಿ ತಿನ್ನಲ್ವಾ?"

"ಬರೀ ಪರೋಟ."

ಅವರು ಪೆನ್ನು ಕೆಳಗಿಟ್ಟರು. "ಗಿನಿ ಪಿಗ್ಗಿಗೆ ಪರೋಟ ಕೊಡ್ತೀರಾ?"

"ಓ, ನೀವು ಕೇಳಿದ್ದು ಅದರದ್ದಾ?"

ತಂತಿ ಇವತ್ತೇ ತೆಗೆಯಿರಿ, ಮೆತ್ತನೆ ಒಣ ಹಾಸಿಗೆ ಹಾಕಿ, ದಿನಾ ದೊಣ್ಣೆ ಮೆಣಸಿನಕಾಯಿ ಕೊಡಿ, ಮುಲಾಮು ಹಚ್ಚಿ. ಹುಣ್ಣು ಮೂಳೆಗಿಳಿದರೆ ಪ್ರಾಣಕ್ಕೇ ಅಪಾಯ ಎಂದರು. ಹೇಗೂ ಬಂದಿದ್ದೇನಲ್ಲ ಎಂದು ಸಾಕ್ಸ್ ಜಾರಿಸಿ ನನ್ನ ಹಿಮ್ಮಡಿಯನ್ನೂ ಮುಂದೆ ಚಾಚಿದೆ.

"ಸಾರಿ, ನಾನು ನಾಲ್ಕು ಕಾಲಿನವರನ್ನು ಮಾತ್ರ ನೋಡೋದು."

ಮೆತ್ತೆ

ಮರುದಿನ ಅಂಗಡಿಗೆ ತಡವಾಯಿತು. ಮ್ಯಾನೇಜರ್ ಕಣ್ಣು ಕೆಂಪು ಮಾಡಿದರು. ಗಿನಿ ಪಿಗ್ಗಿನ ಪಾದದ ಫೋಟೋ ತೋರಿಸಿದೆ. ಮೂರು ಬೆಕ್ಕು ಸಾಕಿದ ಮನುಷ್ಯ, ಕಣ್ಣಲ್ಲಿ ನೀರು ಬಂತು.

"ಅಯ್ಯೋ ಪಾಪ! ಇಂಥ ಕಾಲಿಟ್ಕೊಂಡು ಅದು ನಿಲ್ಲೋದು ಹೇಗ್ರೀ?"

"ಅದೇ ಸಾರ್, ನಾನೂ ವರ್ಷಗಳಿಂದ ಯೋಚಿಸ್ತಿದ್ದೇನೆ."

ಶೋಕೇಸಿನ ದುಬಾರಿ ಬೂಟಿನಡಿಯ ಮಖಮಲ್ ಮೆತ್ತೆಯನ್ನೇ ಎಳೆದು ಕೊಟ್ಟರು. "ಅದಕ್ಕೆ ಹಾಸಿ. ನೀವು ಕೂತುಬಿಟ್ಟೀರಿ, ಜೋಕೆ!"

ಮೂರು ವಾರದಲ್ಲಿ ಪಾದ ಗುಲಾಬಿ ಎಸಳಾಯಿತು. ಹುಡುಗಿ ಬಂದವಳೇ ಪ್ರಾಣಿಯನ್ನು ಮಗುಚಿ ಹದಿನಾಲ್ಕೂ ಬೆರಳು ಎಣಿಸಿ ಒಪ್ಪಿಸಿಕೊಂಡಳು. ಆಮೇಲೆ ನನ್ನ ಕಾಲು ನೋಡಿದಳು. "ಅಂಕಲ್, ಇಟ್ಸ್ ಸೋ ರೆಡ್! ಮೆತ್ತೆ ನೀವೇ ಇಟ್ಕೊಳ್ಳಿ."

ಮ್ಯಾನೇಜರ್ ಕೂರಬೇಡಿ ಅಂದಿದ್ದರಲ್ಲ, ಮಾತು ಮಾತೇ. ನಾನು ಕೂರಲಿಲ್ಲ. ಮರುದಿನ ಅಂಗಡಿಯ ಕೌಂಟರಿನ ಹಿಂದೆ ಹಾಸಿಕೊಂಡು ಅದರ ಮೇಲೆ ನಿಂತೆ. ಆಹಾ! ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೆಲ ನನ್ನನ್ನು ಕಚ್ಚಲಿಲ್ಲ. ಆ ಸುಖ ಹದಿನೈದು ನಿಮಿಷ ಇತ್ತು. ಮ್ಯಾನೇಜರ್ ಬಗ್ಗಿ ನೋಡಿದರು.

"ಇದು ಗಿನಿ ಪಿಗ್ಗಿಂದಲ್ವಾ?"

"ಹೌದು ಸಾರ್. ಅದು ಮೆಡಿಕಲ್ ಲೀವಲ್ಲಿದೆ. ಅದರ ಡ್ಯೂಟಿ ನಾನು ಮಾಡ್ತಿದ್ದೇನೆ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುನಗುತ್ತಲೇ ಮೆತ್ತೆ ಎಳೆದು, ಕೊಡವಿ, ಬೂಟಿನಡಿ ಇಟ್ಟರು.