ಮಾಂಗಾ ಪುಸ್ತಕದ ಕಿವಿರು

ಮೀನಿನ ವಿಷಯದಲ್ಲಿ ಧರ್ಮಪಾಲರ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಮಲ್ಪೆಯ ಒಂದು ಮೀನು ಕಂಪೆನಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವರಿಗೆ ಒಂದೇ ಕೆಲಸ: ಬುಟ್ಟಿಯಿಂದ ಒಂದು ಮೀನು ಎತ್ತುವುದು, ಕಿವಿರು ಬಿಡಿಸಿ ತಾಜಾ ಹೌದೋ ಅಲ್ಲವೋ ನೋಡುವುದು, “ಆದೀತು” ಅಥವಾ “ಆಗಲಿಕ್ಕಿಲ್ಲ” ಎನ್ನುವುದು. ಅಂಜಲ್ ಆಗಲಿ, ಬಂಗುಡೆಯಾಗಲಿ, ಅವರ ಕಣ್ಣು ತಪ್ಪಿಸಿ ಪಾರಾದದ್ದಿಲ್ಲ. (ಈ ಅಧಿಕಾರವೆಲ್ಲ ಬಂದರಿನವರೆಗೆ. ಬನ್ನಂಜೆಯ ಮನೆಯಲ್ಲಿ ನ್ಯಾಯಪೀಠ ಹೆಂಡತಿ ಮೋಹಿನಿಯದ್ದು.)

ಅದಕ್ಕೇ, ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮೋಹಿನಿಯೇ ಬಂದು ಅವರ ಮಡಿಲಿಗೊಂದು ಪುಸ್ತಕ ಹಾಕಿ ತೀರ್ಪು ಕೇಳಿದಾಗ ಧರ್ಮಪಾಲರ ಎದೆ ಎರಡಿಂಚು ಉಬ್ಬಿತು.

“ಎಂತ ಇದು?”

“ಜಪಾನಿನ ಚಿತ್ರಕತೆ, ಮಾಂಗಾ ಅಂತೆ. ಮಣಿಪಾಲದ ಆ ಫ್ರೆಂಡ್ ಆಲಿಸ್ ನಮ್ಮ ಕಾವ್ಯಳಿಗೆ ಕೊಟ್ಟದ್ದು. ಐದು ಭಾಗ ಉಂಟು, ಇದು ಕೊನೆಯದ್ದು. ಬಾಗಿಲು ಹಾಕಿಕೊಂಡು ಓದ್ತಾಳೆ, ಹೊರಗೆ ಬರುವಾಗ ಕಣ್ಣು ಕೆಂಪು. ಹದಿಮೂರು ವರ್ಷದ ಹುಡುಗಿಗೆ ಕದ್ದು ಅಳುವಂಥದ್ದು ಎಂತ ಉಂಟು? ಇಂಥ ಪುಸ್ತಕದಲ್ಲಿ ದೊಡ್ಡವರ ಸಂಗತಿಯೆಲ್ಲ ಇರ್ತದಂತೆ.”

“ಹಾಗಾದ್ರೆ ನೀನೇ ನೋಡು ಮಾರಾಯ್ತಿ.”

“ಪರೀಕ್ಷೆ ಮಾಡುವ ಕೆಲಸ ನಿಮ್ಮದಲ್ವಾ ಮಾರಾಯ್ರೇ? ಕೆಟ್ಟದಾದ್ರೆ ಸಂಜೆಯೇ ಐದೂ ವಾಪಸ್. ಆಲಿಸಳ ಅಮ್ಮನಿಗೆ ಫೋನೂ ಮಾಡ್ತೇನೆ.”

ಕೋಣೆಯ ಬಾಗಿಲಲ್ಲಿ ಕಾವ್ಯ ನಿಂತಿದ್ದಳು. “ಪಪ್ಪ, ವಾಪಸ್ ಕೊಡಿಸಬೇಡಿ. ಪೂರ್ತಿ ನೋಡಿ ಹೇಳಿ.”

ಪೂರ್ತಿ! ಒಂದು ಲಾರಿ ಬಂಗುಡೆಯನ್ನು ಯಾರಾದರೂ ಒಂದೊಂದಾಗಿ ನೋಡುತ್ತಾರೆಯೇ? ಆದರೂ ಮಗಳ ಮುಖ ಕಂಡು ಅವರು ಕನ್ನಡಕ ಏರಿಸಿ, ಮೀನಿಗೂ ತೋರಿಸದ ದಯೆಯನ್ನು ಪುಸ್ತಕಕ್ಕೆ ತೋರಿಸಿದರು.

ರಕ್ಷಾಪುಟ ತೆರೆದದ್ದೇ ತಡ, ಇಂಗ್ಲಿಷಿನಲ್ಲಿ ಗಜಗಾತ್ರದ ಅಕ್ಷರ: “ನಿಲ್ಲಿ!” ಕೆಳಗೆ ಇರುವೆ ಸಾಲಿನಂಥ ಅಕ್ಷರಗಳೂ ಇದ್ದವು, ಅವನ್ನು ಯಾರು ಓದುತ್ತಾರೆ? ಪುಸ್ತಕವೇ ತಪ್ಪೊಪ್ಪಿಕೊಂಡಿತಲ್ಲ! ಧರ್ಮಪಾಲರು ನಿಲ್ಲದೆ ಮುನ್ನುಗ್ಗಿದರು.

ಮೊದಲಿಗೇ ಒಬ್ಬ ಅಜ್ಜಿ, ಬಿಳಿಬಟ್ಟೆ ಹೊದಿಸಿ ಮಲಗಿಸಿದ್ದಾರೆ. ನಾಲ್ಕು ಪುಟ ದಾಟಿದರೆ ಅಜ್ಜಿ ಕಣ್ಣು ಬಿಟ್ಟರು! ಆಮೇಲೆ ಕೆಮ್ಮು. ಆಮೇಲೆ ಮೊಮ್ಮಗಳು ಅವರಿಗೆ ಸ್ನಾನ ಮಾಡಿಸುತ್ತಾಳೆ. ಬಟ್ಟೆಯಿಲ್ಲದ, ಎಲುಬು ಎದ್ದ ಬೆನ್ನು. ಅಲ್ಲಿಗೊಂದು ಕಾಗದದ ಚೂರು ಸಿಕ್ಕಿಸಿದರು. ಮುಂದೆ ಅಜ್ಜಿ ಎದ್ದು ಅಡುಗೆಮನೆಗೆ ಹೊರಟರು. ಕೊನೆಯಲ್ಲಂತೂ ಕೊಡೆ ಹಿಡಿದು, ಶಾಲೆಯ ಗೇಟಿನಲ್ಲಿ ಮೊಮ್ಮಗಳಿಗಾಗಿ ಕಾಯುತ್ತ ನಗುತ್ತಿದ್ದರು. ಜಪಾನಿನ ವೈದ್ಯರ ಬಗ್ಗೆ ಧರ್ಮಪಾಲರಿಗೆ ಅಪಾರ ಗೌರವ ಹುಟ್ಟಿತು.

“ಕತೆ ಒಳ್ಳೆಯದು,” ತೀರ್ಪು ಹೊರಬಿತ್ತು. “ಸತ್ತ ಅಜ್ಜಿ ಬದುಕಿ ಬರ್ತಾರೆ. ಆದ್ರೆ ಒಂದು ಸ್ನಾನದ ಚಿತ್ರ ಉಂಟು. ಅದು ಆಗಲಿಕ್ಕಿಲ್ಲ.”

“ನಾನು ಹೇಳಲಿಲ್ವಾ!” ಮೋಹಿನಿ ಫೋನಿಗೆ ಕೈಹಾಕಿದರು.

ಕಾವ್ಯ ನಗಲಿಲ್ಲ, ಜಗಳವಾಡಲೂ ಇಲ್ಲ. ಬಂದು ಅಪ್ಪನ ಪಕ್ಕ ಕುಳಿತಳು. “ಪಪ್ಪ, ನೀವು ಹಿಂದಿನಿಂದ ಓದಿದ್ದು. ಇದನ್ನು ಬಲದಿಂದ ಎಡಕ್ಕೆ ಓದುವುದು. ‘ನಿಲ್ಲಿ’ ಅಂತ ಬರೆದದ್ದೇ ನಿಮ್ಮ ಹಾಗೆ ತಪ್ಪು ಕಡೆಯಿಂದ ಬರುವವರಿಗೆ.” ಕಾಗದದ ಚೂರಿದ್ದ ಪುಟ ತೆರೆದಳು. “ನಮ್ಮ ಅಜ್ಜಿಯನ್ನು ನಾನು ಹೀಗೇ ಮೀಯಿಸಿದ್ದಲ್ವಾ? ನೀವು ಆಗ ಮಲ್ಪೆಯಲ್ಲಿ ಇರ್ತಿದ್ರಿ.”

ಧರ್ಮಪಾಲರ ಅಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಯುವವರೆಗೂ ಅವರದು ಒಂದೇ ಓಟ. ಶಾಮಿಯಾನದ ಹಗ್ಗ ನೋಡಿದ್ದರು, ಕುರ್ಚಿಯ ಕಾಲು ನೋಡಿದ್ದರು, ಮಟ್ಟುಗುಳ್ಳದ ಸಾಂಬಾರಿಗೆ ಉಪ್ಪು ನೋಡಿದ್ದರು. ಅಳುವುದಕ್ಕೆ ಪುರುಸೊತ್ತಾಗಿರಲಿಲ್ಲ. ‘ಗಟ್ಟಿ ಮನುಷ್ಯ’ ಎಂದು ನೆಂಟರು ಪ್ರಮಾಣಪತ್ರ ಕೊಟ್ಟು ಹೋಗಿದ್ದರು.

ಈಗ ಅವರು ಬಲಗಡೆಯಿಂದ ಶುರುಮಾಡಿದರು. ಕೊಡೆ. ಅಡುಗೆಮನೆ. ಸ್ನಾನ. ಕೆಮ್ಮು. ಬಿಳಿಬಟ್ಟೆಯ ಪುಟ ಬಂದಾಗ ಇಪ್ಪತ್ತೆರಡು ವರ್ಷದ ಅನುಭವ ಕೈಕೊಟ್ಟಿತು. ಎಷ್ಟು ಜೋರಾಗಿ ಅತ್ತರೆಂದರೆ ಪಕ್ಕದ ಮನೆಯ ಇಮ್ಯಾನುಯೆಲ್ ಕಂಪೌಂಡಿನ ಮೇಲಿಂದ ಇಣುಕಿ, “ಎಂತಾಯ್ತು ಧರ್ಮಣ್ಣ, ಬಿದ್ರಾ?” ಎಂದು ಕೇಳಿದರು.

ಮೋಹಿನಿ ಪುಸ್ತಕ ಕಿತ್ತುಕೊಂಡರು. ಕಾಗದದ ಚೂರಿದ್ದ ಪುಟವನ್ನು ನಿಂತೇ ನೋಡಿದರು, ಬಹಳ ಹೊತ್ತು. ಸೆರಗಿನಿಂದ ಮೂಗು ಒರೆಸಿಕೊಂಡು ಅಂತಿಮ ತೀರ್ಪು ಕೊಟ್ಟರು: “ಮಗುವಿಗೆ ತೊಂದರೆ ಇಲ್ಲ, ಓದಲಿ. ನಿಮಗೇ ಇದು ಆಗಲಿಕ್ಕಿಲ್ಲ. ಬಿಪಿ ಉಂಟು. ಇನ್ನು ಮುಟ್ಟಿದ್ರೆ ನೋಡಿ!”

ಹೀಗೆ ಪರೀಕ್ಷಕರೇ ನಿಷೇಧಕ್ಕೊಳಗಾದರು.

ಮರುವಾರ ಕಾವ್ಯಳ ಕೋಣೆಯ ಬಾಗಿಲು ಮತ್ತೆ ಮುಚ್ಚಿತ್ತು. ಈ ಸಲ ಒಳಗೆ ಇಬ್ಬರು.

“ಎಲ್ಲಿಂದ ಓದುವುದು ಪಪ್ಪ?”

“ತಪ್ಪು ಕಡೆಯಿಂದಲೇ ಓದುವ ಮಗಾ.”

ಹೊರಗಿನಿಂದ ಮೋಹಿನಿ ಬಾಗಿಲು ಬಡಿದರು. “ಒಳಗೆ ಇಬ್ಬರೂ ಎಂತ ಮಾಡ್ತಿದ್ದೀರಿ?”

“ಒಂದು ನಿಮಿಷ ಮಾರಾಯ್ತಿ,” ಎಂದರು ಧರ್ಮಪಾಲರು, ಅಂಗಿಯ ತೋಳಿನಿಂದ ಕನ್ನಡಕ ಒರೆಸುತ್ತ. ಅಜ್ಜಿ ಆಗಷ್ಟೇ ಎದ್ದು ಅಡುಗೆಮನೆಗೆ ಹೊರಟಿದ್ದರು.