ಹಾವಕ್ಕಿಗೆ ಅಡ್ಡ ಬಂದ ಗರುಡ

ನನ್ನ ಹೆಂಡತಿ ಸರೋಜಳಿಗೆ ಆಕಾಶದಲ್ಲಿ ಗರುಡ ಕಂಡರೆ ಸಾಕು, ಕೈಯಲ್ಲಿ ಏನಿದ್ದರೂ ಬಿಟ್ಟು ಕೈ ಮುಗಿಯುತ್ತಾಳೆ. ಮೈಸೂರಿನಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಅಲ್ಲಿ ಗರುಡ ಅಪರೂಪಕ್ಕೊಮ್ಮೆ ದರ್ಶನ ಕೊಡುತ್ತಿತ್ತು, ಇವಳು ಕೆನ್ನೆ ಕೆನ್ನೆ ಬಡಿದುಕೊಂಡು ಒಳಗೆ ಹೋಗುತ್ತಿದ್ದಳು. ಕೊಚ್ಚಿಯಲ್ಲಿ ಹಾಗಲ್ಲ. ಇಲ್ಲಿ ಮೀನಿನ ಆಸೆಗೆ ಗರುಡಗಳು ಕಾಗೆಗಳಷ್ಟೇ ಧಾರಾಳ. ಬಟ್ಟೆ ಒಣಹಾಕಲು ಟೆರೇಸಿಗೆ ಹೋದವಳು ಅರ್ಧ ದಿನ ಭಕ್ತಿಯಲ್ಲಿ ಮುಳುಗಿರುತ್ತಾಳೆ. ನನ್ನ ಬನಿಯನ್ ಪಕ್ಕದ ಮನೆಯ ತೆಂಗಿನಮರದ ಮೇಲಿರುತ್ತದೆ.

ಇಂಥವಳನ್ನು ಕರೆದುಕೊಂಡು ದ್ವೀಪಕ್ಕೆ ಹಕ್ಕಿ ನೋಡಲು ಹೋಗುವ ಯೋಚನೆ ಯಾರಿಗಾದರೂ ಬರುತ್ತದೆಯೆ? ನನಗೆ ಬಂತು. ಕಾರಣ ಮಗಳು ಸಂಹಿತಾ. ನಾನು ಕೇರಳಕ್ಕೆ ವರ್ಗವಾಗಿ ತಂಪಾನೂರಿನ ಬ್ಯಾಂಕಿನಲ್ಲಿದ್ದಾಗ ಹುಟ್ಟಿದವಳು, ಈಗ ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಐದನೇ ಕ್ಲಾಸು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. "ಊಟ ಆಯ್ತಾ ಪುಟ್ಟಾ?" ಎಂದರೆ "ಕಳಿಚ್ಚು" ಎನ್ನುತ್ತಾಳೆ. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಒಂದು ಸಂಜೆ ಅವಳು ಗೆಳತಿಯ ಹತ್ತಿರ ಫೋನಿನಲ್ಲಿ ಏನೋ ಹೇಳಿಕೊಂಡು ಅಳುತ್ತಿದ್ದಳು. ಬಾಗಿಲಲ್ಲಿ ನಿಂತ ನನಗೆ ಅದರಲ್ಲಿ ಅರ್ಧ ಮಾತ್ರ ತಿಳಿಯಿತು. ಮಗಳ ದುಃಖ ಅರ್ಧ ಮಾತ್ರ ತಿಳಿಯುವ ಅಪ್ಪ ಎಂಥ ಅಪ್ಪ? ಅವತ್ತು ನಿಜವಾಗಿಯೂ ಭಯವಾಯಿತು.

ಪಾಠ ಎಂದರೆ ಓಡಿಹೋಗುತ್ತಾಳೆ, ಹಕ್ಕಿಗಳ ಮೂಲಕ ಕನ್ನಡ ಕಲಿಸೋಣ ಎಂಬ ಮಹಾಯೋಜನೆ ಹೊಳೆದದ್ದು ಆಗ. ಮಿಂಚುಳ್ಳಿ, ನೀರುಕಾಗೆ, ಹಾವಕ್ಕಿ! ಇಂಥ ಹೆಸರು ಕೇಳಿದರೆ ಕಲ್ಲು ಕೂಡ ಕನ್ನಡ ಮಾತಾಡೀತು (ಎಂದುಕೊಂಡೆ). ಕ್ರಿಸ್‌ಮಸ್ ರಜೆಗೆ ಹೊಸ ಬೈನಾಕ್ಯುಲರ್ ಸಮೇತ ಕಡಮಕ್ಕುಡಿ ದ್ವೀಪದಲ್ಲಿ ಜೋಸೆಫ್ ಎಂಬವರ ಮನೆಯಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ಜೋಸೆಫ್ ತಮ್ಮ ಸಣ್ಣ ದೋಣಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಹುಟ್ಟು ಹಾಕತೊಡಗಿದರು.

"ಕತ್ತಿಗೆ ಹಾಕ್ಕೊಳ್ರೀ ಆ ಬೈನಾಕ್ಯುಲರ್‌ನ, ಬಿದ್ದೀತು" ಎಂದಳು ಸರೋಜ.

"ಬೆವರಿಗೆ ಪಟ್ಟಿ ಕತ್ತು ಕಡಿಯುತ್ತೆ ಕಣೇ. ನನ್ನ ಹಿಡಿತ ಅಂದ್ರೆ ಹಿಡಿತ" ಎಂದೆ. ಆಮೇಲೆ ನಿಯಮ ಸಾರಿದೆ: "ಯಾರೂ ಮಾತಾಡಬಾರದು. ಮಾತಾಡಿದ್ರೆ ಕನ್ನಡದಲ್ಲೇ ಮಾತಾಡಬೇಕು."

"ಮೊದಲು ಒಂದು ತೀರ್ಮಾನ ಮಾಡ್ಕೊಳ್ಳಿ" ಎಂದಳು ಅವಳು.

ಬಲೆಯ ಕಂಬದ ಮೇಲೆ ಮಿಂಚುಳ್ಳಿ ಕೂತಿತ್ತು. "ಪುಟ್ಟಾ, ಅದು ಮಿಂಚುಳ್ಳಿ. ಹೇಳು?"

"ಪೊನ್ಮಾನ್."

"ಕನ್ನಡದಲ್ಲಿ."

"ಪೊನ್ಮಾನ್, ಅಪ್ಪಾ" ಎಂದು ಕೊನೆಯಲ್ಲಿ ಒಂದು ಕನ್ನಡ ಪದದ ರಿಯಾಯಿತಿ ಕೊಟ್ಟಳು.

ಅಷ್ಟರಲ್ಲಿ ಮೇಲೆ ಗರುಡ ಬಂತು. ಸರೋಜಳ ಎರಡು ಕೈಯೂ ಎದೆಗೆ ಹೋದವು, ಪುಳಿಯೋಗರೆ ಡಬ್ಬಿ ನೀರಿಗೆ ಹೋಯಿತು. ಅವಳು ಕೆನ್ನೆ ಬಡಿದುಕೊಂಡ ಸದ್ದಿಗೆ ಮಿಂಚುಳ್ಳಿಯೂ ಹೋಯಿತು.

"ಬುದ್ಧಿ ಇದ್ಯಾ? ಕೈಲಿರೋದನ್ನ ಬಿಟ್ಟು ಕೈ ಮುಗೀತಾರೇನೇ?" ಎಂದು ಸಿಡಿದೆ. ಮುಂದಿನ ಗರುಡಕ್ಕೆ ನೀರಿನ ಬಾಟಲಿ ಹೋದಾಗಲೂ, ಅದರ ಮುಂದಿನದಕ್ಕೆ ಛತ್ರಿ ಹೋದಾಗಲೂ ಇದೇ ಮಾತು ಹೇಳಿದೆ. ಸಿಟ್ಟಿನಲ್ಲಿ ಹೊಸ ವಾಕ್ಯ ಹೊಳೆಯುವುದಿಲ್ಲ.

"ನಾನೇನು ಬೇಕೂಂತ ಬಿಟ್ನಾ? ಗರುಡನ್ನ ಕಂಡ್ರೆ ಕೈ ತಾನಾಗೇ ಹೋಗುತ್ತೆ" ಎಂದಳು ಸರೋಜ, ಮುಖ ಊದಿಸಿಕೊಂಡು.

"ವಿದ್ಯಾವಂತರು ಕೈನ ಹದ್ದುಬಸ್ತಿನಲ್ಲಿ ಇಟ್ಕೋಬೇಕು."

"ಸಾರೇ, ಕೃಷ್ಣಪ್ಪರುಂದ್ ಇವಿಡೆ ಕೊರೇ ಉಂಡು" ಎಂದರು ಜೋಸೆಫ್. ಇಲ್ಲಿ ಗರುಡಗಳು ಬೇಕಾದಷ್ಟಿವೆ ಎಂದು ಅವರು ಹೇಳಿದ್ದು ಸಮಾಧಾನಕ್ಕೋ ಎಚ್ಚರಿಕೆಗೋ ತಿಳಿಯಲಿಲ್ಲ. ದೋಣಿಯಲ್ಲಿ ಬೀಳಲು ಉಳಿದದ್ದು ನಾವು ಮತ್ತು ನನ್ನ ಕೈಯ ಬೈನಾಕ್ಯುಲರ್ ಮಾತ್ರ.

ಸಂಹಿತಾ ನಮ್ಮಿಬ್ಬರ ಜಗಳ ನೋಡುತ್ತಾ ಕೂತಿದ್ದಳು. ನನ್ನ ಯೋಜನೆ ಮುಳುಗಿತು ಎಂದುಕೊಳ್ಳುವಷ್ಟರಲ್ಲಿ ಅವಳು ಕೂತಲ್ಲಿಂದ ಅರ್ಧ ಎದ್ದು, "ಅಪ್ಪಾ, ನೋಕ್ಕ್!" ಎಂದು ಕೈ ತೋರಿಸಿದಳು. ನೀರಿನಿಂದ ಹಾವಿನಂಥ ಉದ್ದನೆಯ ಕತ್ತೊಂದು ಎದ್ದಿತ್ತು, ಕೊಕ್ಕಿನಲ್ಲಿ ಮೀನು. ಹಾವಕ್ಕಿ! ಮಗಳ ಕಣ್ಣು ಅಷ್ಟು ಅರಳಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ಬೈನಾಕ್ಯುಲರಿಗೆ ಕೈ ಚಾಚಿದಳು.

"ಹಾವಕ್ಕಿ ಅನ್ನು, ಕೊಡ್ತೀನಿ" ಎಂದು ಅದನ್ನು ಎತ್ತಿ ಹಿಡಿದೆ.

ನನ್ನ ಮುಖ ನೋಡಿದಳು. ಹಕ್ಕಿಯ ಕಡೆ ನೋಡಿದಳು. ತುಟಿ ತೆರೆದು "ಹಾ..." ಎಂದಳು. ನನ್ನ ಜನ್ಮ ಸಾರ್ಥಕವಾಗಲು ಇನ್ನೆರಡು ಅಕ್ಷರ ಬಾಕಿ ಇತ್ತು.

ಆಗ ನಮ್ಮ ತಲೆಯ ಮೇಲೆಯೇ, ಬಿಳಿ ಎದೆ, ಕೆಂಪು ರೆಕ್ಕೆ ಹರಡಿಕೊಂಡು ಗರುಡ ತೇಲಿ ಬಂತು. ನನ್ನ ಕೈಗಳನ್ನು ನಾನು ಜೋಡಿಸಲಿಲ್ಲ, ದೇವರಾಣೆ. ಅಂಗಳದಲ್ಲಿ ಅಮ್ಮ ನನ್ನ ಪುಟ್ಟ ಕೈ ಹಿಡಿದು ಜೋಡಿಸುತ್ತಿದ್ದಳಲ್ಲ, ಹಾಗೆ ಅವು ತಾವಾಗಿ ಕೂಡಿಕೊಂಡವು. ಕೆಳಗೆ 'ಬುಳಕ್' ಎಂದಿತು. ಹಾವಕ್ಕಿ ಮೀನು ಸಮೇತ ಮಾಯವಾಯಿತು.

ಸರೋಜ ನನ್ನತ್ತ ತಿರುಗಿದಳು. ಅವಳು ಬೈಯುವ ಅಗತ್ಯ ಬರಲಿಲ್ಲ. ಸಂಹಿತಾ ಸೊಂಟದ ಮೇಲೆ ಕೈಯಿಟ್ಟು, ಥೇಟ್ ನನ್ನ ಹಾಗೆಯೇ ಹುಬ್ಬೇರಿಸಿ, ಒಂದಕ್ಷರ ತಪ್ಪದೆ ಹೇಳಿದಳು:

"ಬುದ್ಧಿ ಇದ್ಯಾ? ಕೈಲಿರೋದನ್ನ ಬಿಟ್ಟು ಕೈ ಮುಗೀತಾರೇನೇ?"

"ಇನ್ನೇನ್ರೀ ಬೇಕು" ಎಂದಳು ಸರೋಜ. "ಅಪ್ಪಟ ಮೈಸೂರು ಕನ್ನಡ."

ನಾನು ಕಲಿಸಲು ಹೊರಟ ಹೆಸರುಗಳೆಲ್ಲ ನೀರಿನ ಪಾಲಾಗಿ, ಕಲಿಸಬಾರದೆಂದಿದ್ದ ಬೈಗುಳ ಅವಳ ನಾಲಿಗೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಾಚಿಕೆಯಾಯಿತು. ಜೊತೆಗೆ, ಹೇಳಿದರೆ ನಗುತ್ತೀರಿ, ಕಣ್ಣು ಒದ್ದೆಯಾಯಿತು.

"ಇನ್ನೊಂದ್ಸಲ ಬೈಯಮ್ಮ" ಎಂದೆ.

ಅವಳು ಬೈದಳು.