ದೋಸೆಗಾಡಿ ಎಳೆಯಲೊಂದು ಗಾಡಿ

ಹಟ ಮಾಡುವುದಕ್ಕೂ ಒಂದು ಮೈಕಟ್ಟು ಬೇಕು. ನನಗದಿಲ್ಲ. ಮನೆಗೆ ಬೀಗ ಹಾಕಿ ಮೂರು ಮೆಟ್ಟಿಲು ಇಳಿದು, ಮತ್ತೆ ಮೂರು ಮೆಟ್ಟಿಲು ಹತ್ತಿ ಬೀಗವನ್ನು ಜಗ್ಗಿ ನೋಡುವವರ ಪೈಕಿ ನಾನು. ರೈಲು ಹತ್ತಿ ಕೂತ ಮೇಲೂ, ನಮ್ಮ ಬೋಗಿಯನ್ನು ಈ ರೈಲಿಗೇ ಜೋಡಿಸಿದ್ದಾರೆಯೇ ಎಂದು ಒಮ್ಮೆ ಕೆಳಗಿಳಿದು ಖಾತ್ರಿ ಮಾಡಿಕೊಳ್ಳುತ್ತೇನೆ. ಇಂಥವನು ಐವತ್ತೆರಡನೆಯ ವಯಸ್ಸಿನಲ್ಲಿ, ಎಲ್ಲರೂ ‘ಬೇಡ’ ಎಂದ ಕೆಲಸವನ್ನು ಎದೆಯುಬ್ಬಿಸಿ ಮಾಡಿದೆ ಎಂದರೆ ನನ್ನ ಸಹೋದ್ಯೋಗಿಗಳು ಇವತ್ತಿಗೂ ನಂಬುವುದಿಲ್ಲ. ಎದೆ ಉಬ್ಬಿದ್ದು ನಿಜ. ಒಳಗೆ ಅದು ಡವಡವ ಹೊಡೆದುಕೊಳ್ಳುತ್ತಿದ್ದುದೂ ಅಷ್ಟೇ ನಿಜ.

ಬ್ಯಾಂಕಿನವನ ಹೆಂಡತಿಯಾಗುವುದೆಂದರೆ ಪ್ರತಿ ಮೂರು ವರ್ಷಕ್ಕೊಮ್ಮೆ ಏನನ್ನಾದರೂ ಬಿಟ್ಟು ಹೊರಡುವುದು. ನನ್ನ ಹೆಂಡತಿ ಗಿರಿಜೆ ಸೊಲ್ಲಾಪುರದಲ್ಲಿ ಹತ್ತನೆಯ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಮಕ್ಕಳು ಬೀಜಗಣಿತಕ್ಕೆ ಬರುವಷ್ಟರಲ್ಲಿ ನನಗೆ ವರ್ಗವಾಯಿತು. ಅನಂತಪುರದಲ್ಲಿ ಹೊಲಿಗೆ ತರಗತಿ ನಡೆಸಿದಳು. ಅರ್ಧ ಹೊಲಿದ ರವಿಕೆಗಳನ್ನು ಪಕ್ಕದ ಮನೆಗೆ ಒಪ್ಪಿಸಿ ಬಂದೆವು. ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದಾಗ ಅವಳು ಬೇರೆ ಲೆಕ್ಕ ಹಾಕಿದ್ದಳು. ಟ್ರ್ಯಾಕ್ಟರ್ ಟ್ರಾಲಿ ಮಾಡುವ ಒಬ್ಬ ವೆಲ್ಡರನನ್ನು ಹಿಡಿದು, ಎರಡು ಚಕ್ರದ ಮೇಲೆ ತಗಡಿನ ಚಾವಣಿ, ಒಳಗೆ ಎರಡು ಹೆಂಚು, ಪಕ್ಕಕ್ಕೆ ತೆರೆದುಕೊಳ್ಳುವ ಕಿಟಕಿ ಇರುವ ಟ್ರೇಲರ್ ಮಾಡಿಸಿದಳು. ದಾವಣಗೆರೆಯವಳು, ಬೆಣ್ಣೆದೋಸೆ ಹುಯ್ಯತೊಡಗಿದಳು. ಕೋಚಿಂಗ್ ಸೆಂಟರಿನ ಮಕ್ಕಳು, ನೌಕಾಪಡೆಯ ಕನ್ನಡಿಗರು, ಮುಂಜಾನೆ ನಡೆಯಲು ಬಂದು ನಡೆದದ್ದನ್ನೆಲ್ಲ ವ್ಯರ್ಥ ಮಾಡಿಕೊಳ್ಳುವ ಹಿರಿಯರು, ಎಲ್ಲರೂ ಸಾಲುಗಟ್ಟಿದರು. ಭಾನುವಾರ ಚಟ್ನಿ ಬಡಿಸುವ ಹುದ್ದೆ ನನ್ನದಾಯಿತು. ಅದರಲ್ಲಿ ಬಡ್ತಿ ಇರಲಿಲ್ಲ.

ಆಗ ವರ್ಗಾವಣೆಯ ಕಾಗದ ಬಂತು. ವಿಜಯವಾಡದ ಆಚೆ, ಇಬ್ರಾಹಿಂಪಟ್ನಂ ಶಾಖೆ. ಗಿರಿಜೆ ಕಾಗದ ಓದಿ, ಮಡಿಸಿ, ಫ್ರಿಜ್ಜಿನ ಮೇಲಿಟ್ಟು, “ಟ್ರೇಲರ್ ತಗಣಾಕೆ ಗಿರಾಕಿ ಅದಾರೆ” ಎಂದಳು. ಅಷ್ಟೇ. ಅಳಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಕುಕ್ಕಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆ ತಣ್ಣಗಿನ ದನಿ ಕೇಳಿ ನನ್ನ ಬಾಯಿ ನನ್ನ ಅಪ್ಪಣೆಯಿಲ್ಲದೆ ಹೇಳಿಬಿಟ್ಟಿತು: “ಮಾರಲ್ಲ. ಇದನ್ನ ಅಲ್ಲಿಗೇ ಒಯ್ಯೋದು.”

ಲಾರಿಗೆ ಹೇರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಸಾಮಾನು ಸಾಗಿಸುವ ಕಂಪನಿಯವರು ಬಂದು ಟೇಪು ಹಿಡಿದು ಅಳೆದು, ಏರಿಸಲು ಇಲ್ಲೊಂದು ಕ್ರೇನು, ಇಳಿಸಲು ಅಲ್ಲೊಂದು ಕ್ರೇನು, ದಾರಿಯಲ್ಲಿ ಕರೆಂಟಿನ ತಂತಿಗೆ ತಗಲದಂತೆ ಚಾವಣಿ ಕೊಯ್ಯಬೇಕು ಎಂದರು. ಚಾವಣಿ ಕೊಯ್ದ ಮೇಲೆ ಉಳಿಯುವುದು ಚಕ್ರವಿರುವ ಒಲೆ. ಹಾಗಾಗಿ ಟ್ರೇಲರನ್ನು ಎಳೆಯಬಲ್ಲ ಗಾಡಿಯೊಂದನ್ನು ಬಾಡಿಗೆಗೆ ಹುಡುಕಲು ಹೊರಟೆ. ಮೊದಲನೆಯ ಏಜೆನ್ಸಿಯವನು ಫೋನಿನಲ್ಲಿ ಮರುಕದಿಂದ, “ಏಂಟಿ ಸಾರ್, ಬಂಡಿ ಚೆಡಿಪೋಯಿಂದಾ?” ಎಂದ. ಕೆಟ್ಟಿಲ್ಲವಪ್ಪ, ಚೆನ್ನಾಗಿದೆ ಎಂದೆ. ಚೆನ್ನಾಗಿದ್ದರೆ ಎಳೆಯುವುದೇಕೆ, ಓಡಿಸಿಕೊಂಡು ಹೋಗಿ ಎಂದ. ಅದಕ್ಕೆ ಇಂಜಿನ್ ಇಲ್ಲ ಎಂದೆ. “ಮರಿ ಚೆಡಿಪೋಯಿನಟ್ಟೇ ಕದಂಡೀ” ಎಂದು, ಅಂದರೆ ಕೆಟ್ಟಂತೆಯೇ ಆಯಿತಲ್ಲ ಎಂದು, ನನ್ನನ್ನೇ ಸಮಾಧಾನ ಮಾಡಿದ. ಎರಡನೆಯವನು ಮದುವೆಗೆ ಹೂವಿನಿಂದ ಸಿಂಗರಿಸಿದ ಕಾರು ಕೊಡುತ್ತೇನೆಂದ. ಮೂರನೆಯವನಿಗೆ ದೋಸೆಯ ಗಾಡಿ ಎಂದು ತಿಳಿದ ಮೇಲೆ ಮಾತು ಪೂರ್ತಿ ಸಾಂಬಾರಿನ ಕಡೆಗೆ ತಿರುಗಿತು.

ಕೆಳಗಿನ ಮನೆಯ ಬಸವರಾಜ ನೌಕಾಪಡೆಯವರು, ಬೆಳಗಾವಿಯ ಕಡೆಯವರು. ನನ್ನ ಚಿಂತೆಯಲ್ಲಿ ಪಾಲು ತೆಗೆದುಕೊಳ್ಳಲು ಬಂದು, ಅದನ್ನು ಇಮ್ಮಡಿ ಮಾಡಿ ಹೋದರು. “ಸಾಹೇಬ್ರ, ಜಗ್ಗೂದೇನ್ ದೊಡ್ಡ ಮಾತಲ್ರೀ, ಯಾವ ಗಾಡಿನೂ ಜಗ್ತೈತಿ. ನಿಲ್ಲಸೂದು ಐತಲ್ಲ, ಅದರಾಗ ಐತಿ ಮಜಾ. ಇಳಿಜಾರಿನ್ಯಾಗ ಹಿಂದಿಂದ ನಿಮ್ಮನ್ನ ನೂಕ್ತೈತಿ ನೋಡ್ರಿ ಅದು!” ಮಜಾ ಅವರಿಗೆ. ಅಂದಿನಿಂದ ನಾನು ಊಟಕ್ಕೆ ಕೂತರೂ ಬೆನ್ನಿಗೆ ಏನೋ ಬಂದು ತಾಗಿದಂತಾಗಿ ತಿರುಗಿ ನೋಡತೊಡಗಿದೆ.

ಕೊನೆಗೆ ಗಾಜುವಾಕದಲ್ಲಿ ಒಬ್ಬ ಸಿಕ್ಕ. ದೊಡ್ಡ ಗಾಡಿ, ಬಲವಾದ ಇಂಜಿನ್, ಹಿಂದೆ ಎಳೆಯುವ ಹುಕ್ಕೂ ಇದೆ ಎಂದ. ಇಪ್ಪತ್ತೇಳು ವರ್ಷದಿಂದ ವಾಹನಗಳಿಗೆ ಸಾಲ ಕೊಡುತ್ತ ಬಂದವನು ನಾನು. ಗಾಡಿಯ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು. ಆರ್‌ಸಿ, ಇನ್ಶೂರೆನ್ಸ್, ಹೊಗೆಯ ಸರ್ಟಿಫಿಕೇಟ್, ಡ್ರೈವರನ ಲೈಸೆನ್ಸು, ಎಲ್ಲದರ ಪ್ರತಿ ತರಿಸಿ, ಹೆಸರಿಗೆ ಹೆಸರು, ನಂಬರಿಗೆ ನಂಬರು ತಾಳೆ ನೋಡಿ, ಪ್ರತಿಯೊಂದರ ಮೂಲೆಗೂ ಟಿಕ್ ಹಾಕಿದೆ. “ನಾ ಪೆಳ್ಳಿಕಿ ಕೂಡಾ ಇನ್ನಿ ಕಾಯಿತಾಲು ಅಡಗಲೇದಂಡಿ” ಎಂದ ಗಾಡಿಯವನು. ಅವನ ಮದುವೆಗೂ ಇಷ್ಟು ಕಾಗದ ಕೇಳಿರಲಿಲ್ಲವಂತೆ. ಹೊಗಳಿಕೆ ಎಂದುಕೊಂಡೆ.

ಹೊರಡುವ ದಿನ ಬೆಳಗ್ಗೆ ಸಾಮಾನಿನ ಲಾರಿ ಹೋಯಿತು. ಮನೆಯ ಬೀಗದ ಕೈಯನ್ನು ಮಾಲಕಿಗೆ ಒಪ್ಪಿಸಿದೆವು. ಗಾಜುವಾಕದ ಗಾಡಿ ಹಿಮ್ಮುಖವಾಗಿ ಬಂದು ಟ್ರೇಲರಿನ ಮೂತಿಗೆ ಬಾಲ ತೋರಿಸಿ ನಿಂತಿತು. ಬಾಲದಲ್ಲಿ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಕಬ್ಬಿಣದ ಗುಂಡು. ನಮ್ಮ ಟ್ರೇಲರಿನ ಮೂತಿಯಲ್ಲಿ, ಟ್ರ್ಯಾಕ್ಟರಿಗೆ ಕಟ್ಟುವ ಟ್ರಾಲಿಯಲ್ಲಿರುವಂತೆ, ಸರಳು ತೂರಿಸುವ ಬಳೆ. ಬಳೆಯನ್ನು ಗುಂಡಿನ ಮೇಲಿಟ್ಟರೆ ಜಾರಿ ಬೀಳುತ್ತಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಎಲ್ಲ ಕಾಗದವನ್ನೂ ನೋಡಿದ್ದೆ; ಗಾಡಿಯ ಹಿಂಭಾಗವನ್ನು ನೋಡಿರಲಿಲ್ಲ. ನಮ್ಮ ಕಸುಬೇ ಹಾಗೆ. ನಾನು ಸಾಲ ಕೊಟ್ಟ ಟ್ರ್ಯಾಕ್ಟರುಗಳೆಲ್ಲ ಒಟ್ಟಾಗಿ ಎದುರಿಗೆ ಬಂದು ನಿಂತರೂ ನಾನು ಗುರುತಿಸುವುದು ಅವುಗಳ ಫೈಲನ್ನು ಮಾತ್ರ.

ಡ್ರೈವರು ಕೈ ಒರೆಸಿಕೊಂಡು ಹೊರಟುಹೋದ. ಮನೆ ಮಾಲಕಿ ಕರುಣೆಯಿಂದ, “ಇಕ್ಕಡೇ ವದಿಲೇಯಂಡಿ, ಮಾ ಮರಿದಿ ತೀಸ್ಕುಂಟಾಡು” ಎಂದರು. ಇಲ್ಲೇ ಬಿಟ್ಟುಹೋದರೆ ಅವರ ಮೈದುನ ಕೊಳ್ಳಲು ಸಿದ್ಧನಿದ್ದ. ಗಿರಿಜೆ ಟ್ರೇಲರಿನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಿಟಕಿಯ ಗಾಜು ಒರೆಸುತ್ತಿದ್ದಳು. ತಲೆ ಎತ್ತದೆ, “ಕೊಟ್ಟು ಹೋಗಾಣ ಬಿಡ್ರಿ. ನನಗೇನು ಹೊಸದಾ ಇದು?” ಎಂದಳು.

ಆಮೇಲೆ ನಾನು ಮಾಡಿದ್ದನ್ನು ಬಸವರಾಜರು ಬೇರೆ ಥರ ವರ್ಣಿಸುತ್ತಾರೆ. ನೀವು ನನ್ನದನ್ನೇ ನಂಬಬೇಕು. “ಕೊಡಲ್ಲ ಅಂದ್ರೆ ಕೊಡಲ್ಲ! ಯಾವ ಗಾಡೀನೂ ಬೇಡ, ನಾನೇ ಎಳ್ಕೊಂಡು ಹೋಗ್ತೀನಿ ವಿಜಯವಾಡಕ್ಕೆ!” ಎಂದು ಬೀದಿಗೆ ಕೇಳುವಂತೆ ಕೂಗಿ, ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಮುನ್ನೂರೈವತ್ತು ಕಿಲೋಮೀಟರನ್ನು ಎದುರಿಗಿಟ್ಟುಕೊಂಡು ಎಳೆದೆ. ಟ್ರೇಲರ್ ಅಲುಗಲಿಲ್ಲ. ನನ್ನ ಸೊಂಟ ಅಲುಗಿತು. ಬಗ್ಗಿದವನು ಬಗ್ಗಿದಂತೆಯೇ ನಿಂತೆ. ಬಗ್ಗಿದ ಭಂಗಿಯಲ್ಲೇ ಇನ್ನೊಮ್ಮೆ “ಕೊಡಲ್ಲ” ಎಂದೆ.

ಗಿರಿಜೆ ಮೊದಲು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. ಆಮೇಲೆ ಫೋನು ತೆಗೆದು, “ಅಪ್ಪಲರಾಜುಗಾರೂ, ಒಕಸಾರಿ ರಂಡಿ” ಎಂದಳು, ಒಮ್ಮೆ ಬನ್ನಿ ಎಂದು. ಹದಿನೈದು ನಿಮಿಷದಲ್ಲಿ ಹಳೆಯ ಜೀಪೊಂದು ಬಂತು. ಅಪ್ಪಲರಾಜು ಕಡಲದಂಡೆಯಲ್ಲಿ ದೋಣಿಗಳನ್ನು ನೀರಿನಿಂದ ಮೇಲಕ್ಕೆ ಎಳೆಯುವವನು. ಪ್ರತಿ ಭಾನುವಾರ ನನ್ನ ಕೈಯಿಂದಲೇ ನಾಲ್ಕು ಸಲ ಚಟ್ನಿ ಹಾಕಿಸಿಕೊಂಡವನು. ಜೀಪಿನ ಹಿಂದೆ ಎರಡು ತುಟಿಯಂಥ ಪಟ್ಟಿ, ನಡುವೆ ತೂತು. ಬಳೆ ಒಳಗೆ ಹೋಯಿತು, ಸರಳು ಕೆಳಗಿಳಿಯಿತು. “ಪದಂಡಿ” ಎಂದ, ನಡೀರಿ ಎಂದು.

“ಇವನ ವಿಷಯ ಮೊದಲೇ ಯಾಕೆ ಹೇಳಲಿಲ್ಲ?” ಎಂದೆ ಜೀಪಿನಲ್ಲಿ, ಸೊಂಟಕ್ಕೆ ದಿಂಬು ಒತ್ತಿಕೊಂಡು.

“ನೀವು ನಿಜವಾಗ್ಲೂ ಒಯ್ಯೋರು ಅಂತ ನಾನೆಲ್ಲಿ ತಿಳ್ಕಂಡಿದ್ದೆ?” ಎಂದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇಷ್ಟು ಮೆತ್ತಗೆ ಯಾರೂ ನನಗೆ ಹೊಡೆದಿರಲಿಲ್ಲ.

ನಲವತ್ತರ ವೇಗದಲ್ಲಿ ಹೋದೆವು. ಮೊಪೆಡ್ಡುಗಳು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ನಕ್ಕು ಹೋದವು. ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ, ಸಂಜೆಯ ಗದ್ದಲದ ನಟ್ಟನಡುವೆ, ಜೀಪು ಒಂದು ದಿಕ್ಕಿಗೂ ಟ್ರೇಲರ್ ಇನ್ನೊಂದು ದಿಕ್ಕಿಗೂ ಮುಖ ಮಾಡಿ ಸಿಕ್ಕಿಕೊಂಡವು. ಸುತ್ತ ಹಾರನ್ನುಗಳು. ಪೊಲೀಸಿನವರೊಬ್ಬರು ಬಂದರು. ಅಪ್ಪಲರಾಜು ಬೆಳಗ್ಗೆಯೇ ತನ್ನ ಕಾಗದಗಳನ್ನು ಕೊಟ್ಟಿದ್ದ. ಟಿಕ್ ಹಾಕಿ ಜೋಡಿಸಿದ ಫೈಲನ್ನು ಮುಂದೆ ಚಾಚಿದೆ. ಅವರು ಅದನ್ನು ನೋಡಲೇ ಇಲ್ಲ. ಟ್ರೇಲರಿನ ಹೆಂಚು ನೋಡಿ, “ಏಂ ದೋಸೆಲು?” ಎಂದರು. “ಬೆಣ್ಣೆದೋಸೆ ಅಂಡಿ, ಮಾ ಊರಿವಿ” ಎಂದಳು ಗಿರಿಜೆ, ನಮ್ಮೂರಿನವು ಎಂದು; ಎಲ್ಲಿ ಹಾಕುತ್ತೇವೆಂದೂ ಸೇರಿಸಿದಳು. ಪೊಲೀಸಿನವರು ಎರಡು ಬಸ್ಸುಗಳನ್ನು ಕೈಯೆತ್ತಿ ನಿಲ್ಲಿಸಿ ನಮಗೆ ದಾರಿ ಮಾಡಿಕೊಟ್ಟರು. ಫೈಲು ನನ್ನ ಕೈಯಲ್ಲೇ ಚಾಚಿಕೊಂಡಿತ್ತು.

ಇಬ್ರಾಹಿಂಪಟ್ನಂನಲ್ಲಿ ವ್ಯಾಪಾರ ಹತ್ತಲು ತಿಂಗಳು ಬೇಕಾಗಲಿಲ್ಲ. ವಿದ್ಯುತ್ ಸ್ಥಾವರದಲ್ಲಿ ಪಾಳಿ ಮುಗಿಸಿದವರು ಹಸಿದೇ ಬರುತ್ತಾರೆ. ನಾನು ಈ ದಿಗ್ವಿಜಯವನ್ನು ಶಾಖೆಯಲ್ಲಿ ಎಲ್ಲರಿಗೂ ಹೇಳಿದೆ; ಕೇಳದವರಿಗೆ ಎರಡು ಸಲ ಹೇಳಿದೆ. ಎಂಥ ಊರಿಗೆ ಹಾಕಿದರೂ ಸರಿ, ಹೀಗೇ ಎಳೆದುಕೊಂಡು ಹೋಗುತ್ತೇನೆ ಎಂದು ಮ್ಯಾನೇಜರರಿಗೇ ಸವಾಲು ಹಾಕಿದೆ.

ಮೊನ್ನೆ ಭಾನುವಾರ ಚಟ್ನಿಗೆ ತೆಂಗಿನಕಾಯಿ ತಂದು ನೋಡುತ್ತೇನೆ, ಟ್ರೇಲರ್ ನಾಲ್ಕು ಸಿಮೆಂಟ್ ಇಟ್ಟಿಗೆಗಳ ಮೇಲೆ ಭದ್ರವಾಗಿ ಕೂತಿದೆ. ಚಕ್ರ ಎರಡೂ ಇಲ್ಲ.

“ಗಿರಿಜಾ, ಚಕ್ರ?”

“ಮಾರಿದೆ” ಎಂದಳು, ದೋಸೆ ಮಗುಚುತ್ತ. “ನಿಮಗೆ ಮತ್ತೆ ಎಲ್ಲಿಗಾದ್ರೂ ಆರ್ಡರ್ ಬಂದ್ರೆ ಆರಾಮಾಗಿ ಹೋಗಿ ಬರ್ರಿ. ಶನಿವಾರ ರೈಲು ಹತ್ತಿದ್ರೆ ಭಾನುವಾರ ಚಟ್ನಿ ಹೊತ್ತಿಗೆ ಬರಬೌದು. ನಾನು ಎಲ್ಲಿಗೂ ಬರಲ್ಲ.”

ಇದನ್ನೂ ಎದುರಿಸಲೇಬೇಕೆಂದು ಎದೆಯುಬ್ಬಿಸಿದೆ. ಅಷ್ಟರಲ್ಲಿ ಸಾಲಿನಲ್ಲಿದ್ದವನೊಬ್ಬ ತಟ್ಟೆ ಚಾಚಿ, “ಸಾರ್, ಕೊಂಚೆಂ ಚಟ್ನೀ” ಎಂದ. ಬಕೆಟ್ಟು ಎತ್ತಿಕೊಂಡೆ.